ಮನೆ ಸಮಾರಂಭಕ್ಕೆ ಹೂವು: ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ

ಶ್ರಾವಣ ಹತ್ತಿರ ಬಂತೆಂದರೆ ಓದುಗರಿಂದ ಬರುವ ಪ್ರಶ್ನೆ ಒಂದೇ, ಕೇಳುವ ರೀತಿ ಮಾತ್ರ ಬೇರೆ. “ಬೆಳಿಗ್ಗೆ ಆರಕ್ಕೆ ಅಲಂಕಾರ ಮುಗಿಸಿದ್ವಿ, ಎಲೆ ಹಾಕೋ ಹೊತ್ತಿಗೆ ಎಲ್ಲಾ ಜೋತುಬಿತ್ತು.” “ಚೀಲ ತುಂಬಾ ಹೂ ತಂದ್ವಿ, ಬಾಗಿಲಿಗೇ ಸಾಲಲಿಲ್ಲ.” “ಮೊಬೈಲಿನಲ್ಲಿ ನೋಡಿದ ಹಾಗೆ ಬರಲೇ ಇಲ್ಲ.” ನಿಮ್ಮ ಕೈಯಲ್ಲಿ ಕಲೆ ಇಲ್ಲವೆಂದು ಹೀಗಾಗುವುದಿಲ್ಲ. ಹತ್ತರಲ್ಲಿ ಎಂಟು ಸಲ ಎಡವುವುದು ಕೊಳ್ಳುವಾಗ, ಇಲ್ಲವೇ ಯಾವ ಕೆಲಸ ಎಷ್ಟು ಹೊತ್ತಿಗೆ ಎಂಬ ಲೆಕ್ಕದಲ್ಲಿ. ಜೋಡಿಸುವುದು ಕೊನೆಯ ಮತ್ತು ಸುಲಭದ ಭಾಗ.

ನಾಮಕರಣ, ಗೃಹಪ್ರವೇಶ, ಸೀಮಂತ, ಹಬ್ಬದ ಪೂಜೆ, ಹತ್ತಿಪ್ಪತ್ತು ಜನರ ಊಟ, ಇಂಥ ಮನೆಮಟ್ಟಿನ ಸಮಾರಂಭಗಳಿಗಾಗಿ ಇದನ್ನು ಬರೆದಿದ್ದೇನೆ. ಛತ್ರದ ಮದುವೆಯ ಮಂಟಪ ಬೇರೆಯದೇ ವಿದ್ಯೆ, ಅದನ್ನು ಮಾಡುವವರಿಗೇ ಬಿಡಿ.

ಶುರು ಮಾಡುವ ಮೊದಲು ಹೂಗಳನ್ನು ಬಣ್ಣದಿಂದಲ್ಲ, ತಾಳಿಕೆಯಿಂದ ನೋಡಿ. ನನ್ನ ಲೆಕ್ಕದಲ್ಲಿ ಇರುವುದು ಮೂರು ಗುಂಪು.

ಗಟ್ಟಿ ಹೂ: ಚೆಂಡು ಹೂ, ಸೇವಂತಿಗೆ, ಕನಕಾಂಬರ. ಕಿತ್ತ ಮೇಲೆ ನೀರಿಲ್ಲದೆಯೂ ಒಂದೆರಡು ದಿನ ಮುಖ ಕೆಡಿಸಿಕೊಳ್ಳುವುದಿಲ್ಲ.

ಕಡ್ಡಿ ಹೂ: ಗುಲಾಬಿ, ಜರ್ಬೆರಾ, ಗ್ಲಾಡಿಯೋಲಸ್, ಉದ್ದ ಕಡ್ಡಿಯ ಸುಗಂಧರಾಜ, ಆಂಥೂರಿಯಂ, ಡೇರೆ (ಡೇಲಿಯಾ). ಕಾಲು ನೀರಿನಲ್ಲಿದ್ದರೆ ದಿನಗಟ್ಟಲೆ ಇರುತ್ತವೆ. ನೀರು ತಪ್ಪಿದರೆ ಗಂಟೆಗಳಲ್ಲಿ ತಲೆ ಬಾಗಿಸುತ್ತವೆ. ಇವುಗಳಲ್ಲಿ ಆಂಥೂರಿಯಂ ಒಂದೇ ಸ್ವಲ್ಪ ಸಹನೆಯದು.

ಹೊತ್ತಿನ ಹೂ: ಮಲ್ಲಿಗೆ, ಸಂಪಿಗೆ, ಪಾರಿಜಾತ, ದಾಸವಾಳ, ಕಮಲ. ಇವುಗಳಿಗೆ ಅವುಗಳದೇ ಗಡಿಯಾರ. ದಾಸವಾಳ ನೀರಿನಲ್ಲಿಟ್ಟರೂ ಸಂಜೆಗೆ ಮುದುಡುತ್ತದೆ, ಇಡದಿದ್ದರೂ ಮುದುಡುತ್ತದೆ.

ಇಷ್ಟು ಮನಸ್ಸಿನಲ್ಲಿದ್ದರೆ ಮುಂದಿನದು ತಾನಾಗಿ ಕೂಡಿಕೊಳ್ಳುತ್ತದೆ.

ಹಂತ 1: ಫೋಟೋ ಬದಿಗಿಟ್ಟು ತಿಂಗಳು ನೋಡಿ

ಆಯಾ ಕಾಲದ ಹೂವೇ ಅಗ್ಗ, ತಾಜಾ, ಹೆಚ್ಚು ಬಾಳಿಕೆಯದು. ಕಾಲ ತಪ್ಪಿ ಬೇಕೆಂದರೆ ಮೂರನ್ನೂ ಕಳೆದುಕೊಳ್ಳುತ್ತೀರಿ.

ಯುಗಾದಿಯಿಂದ ಮುಂಗಾರಿನವರೆಗೆ ಮಲ್ಲಿಗೆಯ ಕಾಲ. ಬಿಸಿಲು ಏರಿದಷ್ಟೂ ಮೊಗ್ಗು ಹೆಚ್ಚು. ಮೈಸೂರು, ಉಡುಪಿ, ಹಡಗಲಿ, ಈ ಮೂರು ಊರಿನ ಮಲ್ಲಿಗೆಗೂ ಭೌಗೋಳಿಕ ಗುರುತು ಸಿಕ್ಕಿದೆ. ಅಂದರೆ ಆ ಹೆಸರಿನ ಮೇಲೆ ಆ ನೆಲಕ್ಕೇ ಹಕ್ಕು. ಈ ಕಾಲದಲ್ಲಿ ಮಲ್ಲಿಗೆಯ ಜೊತೆ ಸುಗಂಧರಾಜ, ಸಂಪಿಗೆ, ಮಾವಿನ ಚಿಗುರು, ಬೇವಿನ ಹೂಗೊಂಚಲು ಸಾಕು. ಏಪ್ರಿಲ್–ಮೇ ತಿಂಗಳಲ್ಲಿ ರಸ್ತೆ ಬದಿಯ ಕಕ್ಕೆ ಮರ ಹಳದಿ ಗೊಂಚಲು ಇಳಿಬಿಡುತ್ತದೆ. ನೋಡಲು ಚೆಂದ, ಆದರೆ ಮನೆಗೆ ತಂದರೆ ಎಸಳು ಉದುರಿಸಿ ನೆಲ ತುಂಬುತ್ತದೆ. ಮರದಲ್ಲೇ ಇರಲಿ.

ಮಳೆಗಾಲ ಕಷ್ಟದ ಕಾಲ, ಹಬ್ಬಗಳೆಲ್ಲ ಬಂದು ಬೀಳುವುದೂ ಆಗಲೇ. ಮಲ್ಲಿಗೆ ಕಡಿಮೆಯಾಗಿರುತ್ತದೆ, ಬಂದದ್ದೂ ಒದ್ದೆಯಾಗಿರುತ್ತದೆ, ವರಮಹಾಲಕ್ಷ್ಮಿಯ ಹಿಂದಿನ ದಿನ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಆ ದಿನಗಳಲ್ಲಿ ಮಲ್ಲಿಗೆಯನ್ನು ದೇವರಿಗೂ ಮುಡಿಯಲಿಕ್ಕೂ ಮಾತ್ರ ಇಟ್ಟುಕೊಂಡು, ಅಲಂಕಾರವನ್ನು ಎಲೆಯ ಮೇಲೆ ಹೊರಿಸಿ: ಬಾಳೆಕಂದು, ಮಾವಿನ ತೋರಣ, ವೀಳ್ಯದೆಲೆ, ದವನ, ಮರುಗ. ಹಸಿರು ಮುಕ್ಕಾಲು, ಹೂ ಕಾಲು ಭಾಗವಾದರೂ ಮನೆ ತುಂಬಿದಂತೆಯೇ ಕಾಣುತ್ತದೆ.

ಮಲೆನಾಡಿನವರಿಗೆ ಈ ಕಾಲದಲ್ಲಿ ಯಾರ ಹಂಗೂ ಬೇಡ, ಅಂಗಳದಲ್ಲೇ ಡೇರೆ ಇರುತ್ತದೆ. ಮಳೆ ಹಿಡಿಯುವ ಮೊದಲು ಗೆಡ್ಡೆ ಹೂತು, ನೆಂಟರ ಮನೆಯಿಂದ ಇಲ್ಲದ ಬಣ್ಣದ ಗೆಡ್ಡೆ ತಂದು ಬೆಳೆಸಿದ ಹೂವದು. ಒಂದು ಎಚ್ಚರ: ಡೇರೆಯನ್ನು ಮೊಗ್ಗಿನಲ್ಲಿ ಕೊಯ್ದರೆ ಆಮೇಲೆ ಅರಳುವುದಿಲ್ಲ. ಪೂರ್ತಿ ಅರಳಿದ್ದನ್ನು ಬೆಳಗಿನ ತಂಪಿನಲ್ಲಿ ಕೊಯ್ದು, ಕೂಡಲೇ ನೀರಿಗಿಡಬೇಕು. ಗೌರಿ–ಗಣೇಶನ ಹೊತ್ತಿಗೆ ಕೇದಗೆ ಬರುತ್ತದೆ. ಅಂಚಿನಲ್ಲಿ ಮುಳ್ಳಿದೆ, ಮಕ್ಕಳ ಕೈಗೆ ಕೊಡಬೇಡಿ.

ನವರಾತ್ರಿಯಿಂದ ದೀಪಾವಳಿಯವರೆಗೆ ಚೆಂಡು ಹೂವಿನ ರಾಜ್ಯ. ಕರಾವಳಿಯವರು ಇದನ್ನು ಗೊಂಡೆ ಹೂ ಎನ್ನುತ್ತಾರೆ. ಹಗಲು ಗಿಡ್ಡವಾಗುತ್ತ ಬಂದಂತೆ ಸೇವಂತಿಗೆ ತಾನಾಗಿ ಮೊಗ್ಗೊಡೆಯುತ್ತದೆ, ಅದಕ್ಕೇ ಚಳಿಗಾಲದ ಸೇವಂತಿಗೆಗೆ ಆ ಮೈಕಟ್ಟು. ಡಿಸೆಂಬರಿನಿಂದ ಫೆಬ್ರವರಿವರೆಗೆ ಸೇವಂತಿಗೆ, ಆಸ್ಟರ್, ಗುಲಾಬಿ, ಕಾಕಡ ನಂಬಿ ಕೆಲಸ ಮಾಡಿ. ಚಳಿಯಲ್ಲಿ ಮಲ್ಲಿಗೆ ಕೇಳುವುದು, ಶ್ರಾವಣದಲ್ಲಿ ಮಾವಿನಹಣ್ಣು ಕೇಳಿದಂತೆ.

ಹಂತ 2: ಅಳತೆ ಹಾಕಿ, ಆಮೇಲೆ ಚೀಲ ಹಿಡಿಯಿರಿ

ಮೊಳವೆಂದರೆ ಮೊಣಕೈಯಿಂದ ನಡುಬೆರಳ ತುದಿವರೆಗೆ, ಸುಮಾರು ಒಂದೂವರೆ ಅಡಿ. ಮಾರು ಎಂದರೆ ಎರಡೂ ತೋಳು ಚಾಚಿದಷ್ಟು, ಸುಮಾರು 6 ಅಡಿ. ಹೂ ಮಾರುವವರ ಮಾರು ಯಾವಾಗಲೂ ನಿಮ್ಮ ಮಾರಿಗಿಂತ ಗಿಡ್ಡ, ಅದನ್ನು ಸೇರಿಸಿಯೇ ಲೆಕ್ಕ ಹಾಕಿ.

ಉದಾಹರಣೆಗೆ ಮುಂಬಾಗಿಲು 7 ಅಡಿ ಎತ್ತರ, ಮೂರೂವರೆ ಅಡಿ ಅಗಲ ಇದೆ ಎನ್ನಿ. ಎರಡು ಪಕ್ಕಕ್ಕೆ 14 ಅಡಿ, ಮೇಲೆ ಜೋಲುಬಿಡಲು 5 ಅಡಿ. ಒಟ್ಟು 19. ಮೂರು ಮಾರು ಸಾಲದು, ನಾಲ್ಕು ತನ್ನಿ, ಉಳಿದದ್ದು ತುಳಸಿಕಟ್ಟೆಗಾಯಿತು. ನೀವೇ ಪೋಣಿಸುವುದಾದರೆ ದಪ್ಪ ಚೆಂಡು ಹೂ ಒತ್ತಾಗಿ ಅಡಿಗೆ 8ರಿಂದ 10 ಬೇಕು. ಕಿಲೋಗೆ ನೂರರ ಆಸುಪಾಸು ಬರುತ್ತದೆ, ಅಂದರೆ ಒಂದು ಬಾಗಿಲಿಗೆ ಎರಡು ಕಿಲೋ ಬಿಡಿ ಹೂ. ‘ಬಿಡಿ ಹೂ’ ಅಂದರೆ ಕಟ್ಟದೆ ತೂಕಕ್ಕೆ ಮಾರುವ ಹೂ.

ಜರ್ಬೆರಾ ಸಾಮಾನ್ಯವಾಗಿ 10ರ ಕಟ್ಟು, ಗುಲಾಬಿ 20ರ ಕಟ್ಟು. ಉಡುಪಿ ಮಲ್ಲಿಗೆಗೆ ಮಾತ್ರ ಬೇರೆಯೇ ಅಳತೆ: ಸುಮಾರು 800 ಹೂ ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಘಟ್ಟದ ಮೇಲಿನವರು ಅಲ್ಲಿ ಹೋಗಿ “ಎರಡು ಚೆಂಡು ಕೊಡಿ” ಎಂದು ಕೇಳಿ, ಕೈಗೆ ಮಲ್ಲಿಗೆ ಬಂದಾಗ ಬೆಪ್ಪಾಗುವುದುಂಟು.

ಹಂತ 3: ಕೊಳ್ಳುವಾಗ ಕೈಯಿಂದ ಪರೀಕ್ಷೆ ಮಾಡಿ

ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಾಗಲಿ, ಮೈಸೂರಿನ ದೇವರಾಜ ಮಾರುಕಟ್ಟೆಯಾಗಲಿ, ಬೆಳಕು ಹರಿಯುವ ಮುಂಚೆ ಹೋದವರಿಗೆ ಒಳ್ಳೆಯ ಮಾಲು. ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಹೂ ಬೆಂಗಳೂರಿಗೆ ಬಂದಿಳಿಯುವುದು ನಸುಕಿನಲ್ಲಿ. ಹಬ್ಬದ ಮುನ್ನಾದಿನ ಬಿಟ್ಟು ಅದರ ಹಿಂದಿನ ದಿನ ಹೋದರೆ ಬೆಲೆಯಲ್ಲಿ ಒಳ್ಳೆಯ ಉಳಿತಾಯ. ಗಟ್ಟಿ ಹೂ ಆ ಒಂದು ದಿನ ಧಾರಾಳವಾಗಿ ಕಾಯುತ್ತದೆ.

ಚೆಂಡು ಹೂವಿನ ರಾಶಿಯೊಳಗೆ ಕೈ ಇಳಿಸಿ ನೋಡಿ. ಒಳಗೆ ಬಿಸಿಯಿದ್ದರೆ ಆ ಮೂಟೆ ತುಂಬಾ ಹೊತ್ತಿನಿಂದ ಬೇಯುತ್ತಿದೆ ಎಂದರ್ಥ, ಮುಂದೆ ನಡೆಯಿರಿ. ಸೇವಂತಿಗೆಯನ್ನು ತಿರುವಿ ಬೆನ್ನು ನೋಡಿ: ಹಿಂದಿನ ಎಸಳು ಕಂದಿದ್ದರೆ ಹಳೆಯದು. ಗುಲಾಬಿಯ ಎಸಳಲ್ಲ, ಅದರ ಬುಡ ಒತ್ತಿ ನೋಡಬೇಕು. ಗಟ್ಟಿಯಾಗಿದ್ದರೆ ಎರಡು ದಿನ ನಿಶ್ಚಿಂತೆ. ಗ್ಲಾಡಿಯೋಲಸ್ ಮತ್ತು ಸುಗಂಧರಾಜದಲ್ಲಿ ಕೆಳಗಿನ ಎರಡು ಮೂರು ಮೊಗ್ಗು ಮಾತ್ರ ಒಡೆದಿರಬೇಕು. ಪೂರ್ತಿ ಅರಳಿದ ಕಡ್ಡಿ ಅಂಗಡಿಯಲ್ಲಿ ಚೆಂದ, ನಿಮ್ಮ ಮನೆಯಲ್ಲಲ್ಲ.

ಸುಗಂಧರಾಜದಲ್ಲಿ ಎರಡು ಬಗೆ. ಒಂಟಿ ಸುತ್ತಿನ ಎಸಳಿನದು ಪರಿಮಳಕ್ಕೆ, ಹಾರಕ್ಕೆ. ಜೋಡಿ ಸುತ್ತಿನದು ಹೂದಾನಿಗೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದ ‘ಶೃಂಗಾರ್’, ‘ಪ್ರಜ್ವಲ್’ ಒಂಟಿ ಸುತ್ತಿನವು, ‘ಸುವಾಸಿನಿ’ ಜೋಡಿ ಸುತ್ತಿನದು. ಮಾರುಕಟ್ಟೆಯಲ್ಲಿ ತಳಿಯ ಹೆಸರು ಹೇಳಿ ಯಾರೂ ಕೊಡುವುದಿಲ್ಲ, “ಮಾಲೆಗೋ, ಕಡ್ಡಿಗೋ?” ಎಂದಷ್ಟೇ ಕೇಳುತ್ತಾರೆ. ಉತ್ತರ ತಿಳಿದಿದ್ದರೆ ಸಾಕು.

ತರುವಾಗ ಆಗುವ ತಪ್ಪು: ಪ್ಲಾಸ್ಟಿಕ್ ಕವರಿಗೆ ತುಂಬಿ, ಬಾಯಿ ಕಟ್ಟಿ, ಕಾರಿನ ಡಿಕ್ಕಿಗೆ ಹಾಕುವುದು. ಅರ್ಧ ಗಂಟೆಯಲ್ಲಿ ಹೂ ಹಬೆಗೆ ಬೆಂದಿರುತ್ತದೆ. ಬುಟ್ಟಿಯೋ ಬಟ್ಟೆಚೀಲವೋ ಇರಲಿ, ಬಾಯಿ ತೆರೆದಿರಲಿ.

ಹಂತ 4: ನೀರು ಕುಡಿಸಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ. ಕಡ್ಡಿ ಹೂ ಮನೆಗೆ ಬಂದ ಕೂಡಲೇ ಜೋಡಿಸಲು ಕೂರಬೇಡಿ.

ಚೂಪಾದ ಚಾಕುವಿನಿಂದ ಕಡ್ಡಿಯ ತುದಿಯನ್ನು ಒಂದಂಗುಲ ಓರೆಯಾಗಿ ಕತ್ತರಿಸಿ. ಬಕೆಟ್ಟಿನ ನೀರಿನೊಳಗೇ ಹಿಡಿದು ಕತ್ತರಿಸಿದರೆ ಇನ್ನೂ ಒಳ್ಳೆಯದು, ಕಡ್ಡಿಯ ಕೊಳವೆಗೆ ಗಾಳಿ ನುಗ್ಗಿ ನೀರಿನ ದಾರಿ ಕಟ್ಟುವುದಿಲ್ಲ. ಮೊಂಡು ಕತ್ತರಿ ಆ ಕೊಳವೆಯನ್ನೇ ಜಜ್ಜುತ್ತದೆ. ನೀರಿನಲ್ಲಿ ಮುಳುಗುವಷ್ಟು ಭಾಗದ ಎಲೆಯನ್ನೆಲ್ಲ ಸವರಿ ತೆಗೆಯಿರಿ. ಎಲೆ ಕೊಳೆತರೆ ನೀರು ಕೆಡುತ್ತದೆ, ನೀರು ಕೆಟ್ಟರೆ ಹೂ ಕೆಡುತ್ತದೆ. ನೆರಳಿನಲ್ಲಿ, ಫ್ಯಾನ್ ಗಾಳಿ ತಾಗದ ಮೂಲೆಯಲ್ಲಿ, ಮೂರು ನಾಲ್ಕು ಗಂಟೆ ಬಿಡಿ. ರಾತ್ರಿಯಿಡೀ ಆದರೆ ಉತ್ತಮ. ಗ್ಲಾಡಿಯೋಲಸ್ಸಿನ ತುದಿಯ ಎರಡು ಮೂರು ಹಸಿ ಮೊಗ್ಗು ಚಿವುಟಿ ಹಾಕಿದರೆ ಕೆಳಗಿನವು ಚೆನ್ನಾಗಿ ಅರಳುತ್ತವೆ.

ಜರ್ಬೆರಾ ಮಾತ್ರ ಇದಕ್ಕೆ ಅಪವಾದ. ಅದರ ಕಡ್ಡಿ ಮೃದು, ಮೇಲೆ ನವಿರು ರೋಮ. ಆಳ ನೀರಿನಲ್ಲಿ ಕೊಳೆಯುತ್ತದೆ. ಎರಡು ಮೂರು ಅಂಗುಲ ನೀರು ಸಾಕು.

ನೀರಿಗೆ ಸಕ್ಕರೆ ಹಾಕಬಹುದೇ? ಲೀಟರಿಗೆ ಒಂದು ಟೀ ಚಮಚ ಸಕ್ಕರೆ, ಎರಡು ಟೀ ಚಮಚ ನಿಂಬೆರಸ ಹಾಕಬಹುದು. ಆದರೆ ದಿನವೂ ನೀರು ಬದಲಿಸಬೇಕು. ಬರೀ ಸಕ್ಕರೆ ಹಾಕಿ ಮರೆತರೆ ನೀವು ಸಾಕಿದ್ದು ಹೂವನ್ನಲ್ಲ, ಬ್ಯಾಕ್ಟೀರಿಯಾವನ್ನು. ತೊಳೆದ ಪಾತ್ರೆ, ತಾಜಾ ನೀರು, ಇಷ್ಟರ ಮುಂದೆ ಮಿಕ್ಕ ಕಿವಿಮಾತುಗಳಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ.

ಹೊತ್ತಿನ ಹೂವಿಗೆ ನಿಯಮ ತಿರುಗುಮುರುಗು. ಮಲ್ಲಿಗೆಗೆ ನೀರು ಚಿಮುಕಿಸಬೇಡಿ, ಹನಿ ನಿಂತಲ್ಲಿ ಕಂದು ಕಲೆ ಏಳುತ್ತದೆ. ಬೆಳಿಗ್ಗೆ ಕೊಯ್ದ ಮೊಗ್ಗು ಅದೇ ಸಂಜೆ ಅರಳುತ್ತದೆ ಎಂಬುದನ್ನು ನೆನಪಿಡಿ. ನಾಳೆ ಬೆಳಗಿನ ಸೀಮಂತಕ್ಕೆ ಮೊಗ್ಗಿನ ಜಡೆ ಹೆಣೆಯಬೇಕೆಂದರೆ ಇಂದಿನ ಮೊಗ್ಗನ್ನು ಬಾಳೆಎಲೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಹೊರಗೆ ಬಿಟ್ಟರೆ ರಾತ್ರಿಯೇ ಅರಳಿ ಮನೆಯೆಲ್ಲ ಘಮಘಮ, ಬೆಳಿಗ್ಗೆ ಜಡೆಗೆ ಮೊಗ್ಗೇ ಇಲ್ಲ.

ಫ್ರಿಜ್ಜಿನ ವಿಷಯದಲ್ಲಿ ಇನ್ನೆರಡು ಎಚ್ಚರ. ಆಂಥೂರಿಯಂ, ಆರ್ಕಿಡ್ ಬೆಚ್ಚನೆ ನಾಡಿನ ಗಿಡಗಳು, ಫ್ರಿಜ್ಜಿನ ಚಳಿಗೆ ಕಪ್ಪಾಗುತ್ತವೆ. ಮತ್ತೆ, ಯಾವ ಹೂವನ್ನೂ ಹಣ್ಣಿನ ಜೊತೆ ಇಡಬೇಡಿ. ಮಾಗುವ ಹಣ್ಣು ಎಥಿಲೀನ್ ಎಂಬ ಅನಿಲ ಬಿಡುತ್ತದೆ, ಅದು ಹೂವಿಗೆ ಬೇಗ ಮುಪ್ಪು ತರುತ್ತದೆ. ತಾಂಬೂಲಕ್ಕೆಂದು ತಂದ ಬಾಳೆಗೊನೆಯೂ ಹೂವಿನ ಬಕೆಟ್ಟೂ ಒಂದೇ ಕೋಣೆಯಲ್ಲಿ ರಾತ್ರಿ ಕಳೆಯುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಬೇರೆ ಬೇರೆ ಇಡಿ.

ಹಂತ 5: ಆಧಾರಕ್ಕೆ ಬಾಳೆದಿಂಡು

ಅಂಗಡಿಯ ಹೂಗುಚ್ಛಗಳಲ್ಲಿ ಹಸಿರು ಸ್ಪಂಜಿನ ಇಟ್ಟಿಗೆ ನೋಡಿರುತ್ತೀರಿ, ಅದನ್ನು ಫ್ಲೋರಲ್ ಫೋಮ್ ಎನ್ನುತ್ತಾರೆ. ಪ್ಲಾಸ್ಟಿಕ್ ಜಾತಿಯದು, ಮಣ್ಣಿನಲ್ಲಿ ಕರಗುವುದಿಲ್ಲ, ಪುಡಿಯಾಗಿ ಉಳಿಯುತ್ತದೆ. ಒಂದು ದಿನದ ಸಮಾರಂಭಕ್ಕೆ ನಮಗೆ ಅದರ ಅಗತ್ಯವೇ ಇಲ್ಲ. ಬಾಗಿಲಿಗೆ ಬಾಳೆಕಂದು ಕಟ್ಟುವ ಮನೆಯಲ್ಲಿ ತುಂಡು ದಿಂಡಿಗೆ ಬರವೇ?

ದಿಂಡನ್ನು ಮೂರು ನಾಲ್ಕು ಅಂಗುಲ ಎತ್ತರದ ಬಿಲ್ಲೆಯಾಗಿ ಕತ್ತರಿಸಿ, ಅಂಚಿರುವ ತಟ್ಟೆಯಲ್ಲಿಟ್ಟು, ಕಾಲಂಗುಲ ನೀರು ಹಾಕಿ. ಗಟ್ಟಿ ಕಡ್ಡಿಯ ಹೂ ನೇರವಾಗಿ ಚುಚ್ಚಬಹುದು. ಜರ್ಬೆರಾದಂಥ ಮೃದು ಕಡ್ಡಿಗೆ ಮೊದಲು ಸ್ಕ್ರೂಡ್ರೈವರಿನಿಂದ ತೂತು ಮಾಡಿಕೊಳ್ಳಿ. ದಿಂಡಿನ ಸ್ವಂತ ತೇವ ಬೆಳಿಗ್ಗೆ ಚುಚ್ಚಿದ ಹೂವನ್ನು ಸಂಜೆವರೆಗೆ ಕಾಪಾಡುತ್ತದೆ, ಮರುದಿನಕ್ಕೆ ನಂಬಬೇಡಿ.

ಬಾಳೆಯ ರಸ ಬಟ್ಟೆಗೆ ತಾಗಿದರೆ ಕಂದು ಕಲೆ ಕೂರುತ್ತದೆ, ಒಗೆದರೂ ಹೋಗುವುದಿಲ್ಲ. ಹಳೆಯ ಬಟ್ಟೆಯಲ್ಲಿ ಹಿಂದಿನ ರಾತ್ರಿಯೇ ಕತ್ತರಿಸಿ ಒದ್ದೆ ಬಟ್ಟೆ ಸುತ್ತಿಡಿ. ರೇಷ್ಮೆ ಸೀರೆ ಉಟ್ಟ ಮೇಲೆ ದಿಂಡು ಮುಟ್ಟಬೇಡಿ.

ಅಗಲ ಬಾಯಿಯ ಪಾತ್ರೆಯಾದರೆ ಬಾಯಿಗೆ ಅಡ್ಡ–ಉದ್ದ ಸೆಲ್ಲೋಟೇಪ್ ಅಂಟಿಸಿ ಚೌಕಳಿ ಮಾಡಿ, ಒಂದೊಂದು ಕಿಂಡಿಗೆ ಒಂದೊಂದು ಕಡ್ಡಿ ಇಳಿಸಿ. ಮೇಲೆ ಎಲೆ ಬಂದರೆ ಟೇಪ್ ಕಾಣುವುದಿಲ್ಲ.

ಹಂತ 6: ಈಗ ಜೋಡಿಸಿ

ಬಾಗಿಲಿಗೆ ಒಂದೇ ಬಣ್ಣದ ಚೆಂಡು ಹೂ, ನಡುವೆ ಮಾವಿನೆಲೆ. ಹಳದಿ, ಕೇಸರಿ, ಬಿಳಿ ಎಲ್ಲವನ್ನೂ ಬೆರೆಸಿದರೆ ದೂರದಿಂದ ಯಾವುದೂ ಕಾಣದು. ಪೋಣಿಸಲು ನೈಲಾನ್ ದಾರಕ್ಕಿಂತ ಹತ್ತಿದಾರ ಲೇಸು, ಕಟ್ಟುವ ಹೂವಿಗೆ ನೆನೆಸಿದ ಬಾಳೆನಾರು. ನೈಲಾನ್ ಮೊಗ್ಗಿನ ಕುತ್ತಿಗೆ ಕತ್ತರಿಸುತ್ತದೆ.

ಹಿತ್ತಾಳೆ ಉರುಳಿಯಲ್ಲಿ ನೀರು ತುಂಬಿ ಹೂ ತೇಲಿಸುವುದು ಎಲ್ಲರಿಗೂ ಇಷ್ಟ. ಅದರಲ್ಲಿ ಜಾರುವುದು ಎಲ್ಲಿ? ಬಿಡಿ ಎಸಳು ಸುರಿಯುವುದರಲ್ಲಿ. ಎರಡು ಗಂಟೆಯಲ್ಲಿ ಅರ್ಧ ಮುಳುಗಿ ಸಾರಿನ ಪಾತ್ರೆಯಂತಾಗುತ್ತದೆ. ಇಡೀ ಹೂವನ್ನು ಅರ್ಧ ಅಂಗುಲ ತೊಟ್ಟಿನ ಸಮೇತ ತೇಲಿಸಿ: ಸೇವಂತಿಗೆ, ಡೇರೆ, ಆಸ್ಟರ್. ಹೊರಸುತ್ತಿಗೆ ದೊಡ್ಡದು, ಒಳಗೆ ಚಿಕ್ಕದು, ನಡುವೆ ನೀರು ಕಾಣುವಷ್ಟು ಜಾಗ. ತೇಲುವ ದೀಪ ಇಡುವುದಾದರೆ ಹೂವಿನಿಂದ ಒಂದು ಗೇಣು ದೂರ, ಸೆರಗು ಸುಳಿಯದ ಜಾಗದಲ್ಲಿ.

ಊಟದ ಮೇಜಿನ ಮೇಲೆ ಹೂ ಒಂದು ಗೇಣಿಗಿಂತ ಎತ್ತರ ಬೇಡ. ಎದುರು ಕುಳಿತವರ ಮುಖ ಕಾಣಬೇಕು, ಸಾರು ಬಡಿಸುವ ಕೈಗೆ ಅಡ್ಡ ಬರಬಾರದು. ಘಾಟು ಪರಿಮಳದ ಸುಗಂಧರಾಜ, ಸಂಪಿಗೆ ಅಲ್ಲಿ ಬೇಡವೇ ಬೇಡ; ತಿಳಿಸಾರಿನ ಒಗ್ಗರಣೆಗೂ ಸಂಪಿಗೆಗೂ ಜಗಳ. ಕಣಗಿಲೆ ಹೂ ದೇವರಿಗೆ ಸಲ್ಲುತ್ತದೆ, ಆದರೆ ಆ ಗಿಡದ ಪ್ರತಿ ಭಾಗವೂ ವಿಷ. ಊಟದ ಹತ್ತಿರ, ಮಕ್ಕಳ ಕೈಗೆಟಕುವಲ್ಲಿ ಇಡಬೇಡಿ. ಹಾಗೆಯೇ ಮಾರುಕಟ್ಟೆಯ ಗುಲಾಬಿ ಎಸಳನ್ನು ಪಾಯಸದ ಮೇಲೆ, ಸಿಹಿಯ ತಟ್ಟೆಯಲ್ಲಿ ಉದುರಿಸಬೇಡಿ. ಅದು ತಿನ್ನಲು ಬೆಳೆದದ್ದಲ್ಲ, ಔಷಧಿ ಹೊಡೆದಿರುತ್ತಾರೆ.

ದೇವರ ಮುಂದಿನ ಕಮಲ ಮೊಗ್ಗಾಗಿಯೇ ಬರುತ್ತದೆ, ತಾನಾಗಿ ಅರಳೀತೆಂದು ಕಾಯಬೇಡಿ. ಹೊರಸುತ್ತಿನ ಎಸಳಿನಿಂದ ಶುರುಮಾಡಿ ಒಂದೊಂದನ್ನೇ ಒಳಮುಖವಾಗಿ ಮಡಚಿ. ಪೂಜೆಗೆ ಅರ್ಧ ಗಂಟೆ ಇರುವಾಗ ಮಾಡಿದರೆ ಸಾಕು. ರಾತ್ರಿಯೇ ಮಡಚಿಟ್ಟರೆ ಮಡಿಕೆಯ ಗೆರೆ ಕಪ್ಪಾಗಿರುತ್ತದೆ.

ಎಲ್ಲ ಮುಗಿದ ಮೇಲೆ ತಲೆಯೆತ್ತಿ ನೋಡಿ. ಜೋಡಣೆಯ ನೇರ ಮೇಲೆ ಫ್ಯಾನ್ ಇದೆಯೇ? ಮೇಜು ಸರಿಸಿ, ಇಲ್ಲವೇ ಅತಿಥಿಗಳು ಬರುವವರೆಗೆ ಫ್ಯಾನ್ ಆರಿಸಿ.

ಹಂತ 7: ಉಡುಗೊರೆಗೆ ಒಯ್ಯುವುದಾದರೆ

ಸೆಲ್ಲೋಫೇನ್ ಸುತ್ತಿದ ಬೊಕೆಯ ಗತಿ ಏನಾಗುತ್ತದೆ ನಿಮಗೇ ಗೊತ್ತು. ಕೈಗೆ ಕೊಟ್ಟು ಫೋಟೋ ತೆಗೆಸಿಕೊಂಡ ಮೇಲೆ ಸೋಫಾದ ಮೂಲೆ. ಮನೆಯವರದು ತಪ್ಪಲ್ಲ, ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಹೂದಾನಿ ಇರುತ್ತದೆ? ಆದ್ದರಿಂದ ಪಾತ್ರೆಯ ಸಮೇತ ಕೊಡಿ. ಚಿಕ್ಕ ಉಪ್ಪಿನಕಾಯಿ ಭರಣಿ, ತಾಮ್ರದ ಚೆಂಬು, ಮಣ್ಣಿನ ಕುಡಿಕೆ ಯಾವುದಾದರೂ ಆದೀತು. ಏಳೆಂಟು ಕಡ್ಡಿ ಸೇವಂತಿಗೆ, ಎರಡು ಕಡ್ಡಿ ಪಚ್ಚೆತೆನೆ. ಒಯ್ಯುವಾಗ ನೀರು ಚೆಲ್ಲಿ ಒದ್ದೆ ಹತ್ತಿ ತುರುಕಿ, ಅಲ್ಲಿ ಹೋಗಿ ನೀರು ಹಾಕಿ.

ಹಿರಿಯರನ್ನು ನೋಡಲು ಹೋಗುವಾಗ ಎರಡು ಮೊಳ ಮಲ್ಲಿಗೆ ಬಾಳೆಎಲೆಯಲ್ಲಿ ಕಟ್ಟಿ ಕೊಟ್ಟರೆ ಯಾವ ಬೊಕೆಯೂ ಸಮನಲ್ಲ. ಆಸ್ಪತ್ರೆಗೆ ಹೂ ಒಯ್ಯುವ ಮೊದಲು ಒಳಗೆ ಬಿಡುತ್ತಾರೋ ಕೇಳಿ. ಬಿಟ್ಟರೂ ಪರಿಮಳದ ಹೂ ಬೇಡ.

ವಿದೇಶದಲ್ಲಿರುವವರು ಕೇಳುವುದು: ಇಲ್ಲಿಂದ ಹೂ ಒಯ್ಯಬಹುದೇ? ಆಸ್ಟ್ರೇಲಿಯಾದಂಥ ದೇಶಗಳಲ್ಲಿ ತಾಜಾ ಹೂ, ಎಲೆಗಳನ್ನು ವಿಮಾನ ನಿಲ್ದಾಣದಲ್ಲಿ ಘೋಷಿಸಲೇಬೇಕು, ಮುಚ್ಚಿಟ್ಟರೆ ದಂಡ. ಆ ತಂಟೆಗೆ ಹೋಗದೆ ಅಲ್ಲಿಯದನ್ನೇ ಬಳಸಿ. ಉತ್ತರ ಅಮೆರಿಕ, ಯುರೋಪಿನಲ್ಲಿ ನವರಾತ್ರಿಯ ಹೊತ್ತಿಗೆ ಸೇವಂತಿಗೆ ಕುಂಡಗಳು ಅಂಗಡಿ ತುಂಬಾ ಇರುತ್ತವೆ, ಗಣೇಶನ ಹಬ್ಬದ ಹೊತ್ತಿಗೆ ರೈತರ ಸಂತೆಯಲ್ಲಿ ಡೇರೆ ಸಿಗುತ್ತದೆ. ಬಿಳಿ ಕಾರ್ನೇಶನ್ ಪೋಣಿಸಿದರೆ ಒಳ್ಳೆಯ ಹಾರ.

ಹಂತ 8: ಕೆಲಸದ ಹೊತ್ತು

ಬೆಳಿಗ್ಗೆ ಹತ್ತಕ್ಕೆ ಪೂಜೆ ಎಂದಿಟ್ಟುಕೊಳ್ಳಿ. ಎರಡು ದಿನ ಮುಂಚೆ ಗಟ್ಟಿ ಹೂ, ಗ್ಲಾಡಿಯೋಲಸ್, ಸುಗಂಧರಾಜ ತನ್ನಿ. ಗಟ್ಟಿ ಹೂವನ್ನು ಹಳೆ ಸೀರೆಯ ಮೇಲೆ ತೆಳುವಾಗಿ ಹರಡಿ. ಅಂಗಡಿಯವರು ಚಿಮುಕಿಸಿದ ನೀರು ಆರಲಿ, ಇಲ್ಲವಾದರೆ ಒಳಗಿಂದ ಕೊಳೆಯುತ್ತದೆ. ಹಿಂದಿನ ದಿನ ಬೆಳಿಗ್ಗೆ ಗುಲಾಬಿ, ಜರ್ಬೆರಾ, ಮಲ್ಲಿಗೆ ಮೊಗ್ಗು. ಸಂಜೆ ಬಾಗಿಲ ಮಾಲೆ ಪೋಣಿಸಿ ಮುಗಿಸಿ, ದಿಂಡು ಕತ್ತರಿಸಿಡಿ. ಬೆಳಿಗ್ಗೆ ಏಳಕ್ಕೆ ಮಾಲೆ ಕಟ್ಟಿ, ಎಂಟಕ್ಕೆ ಕಡ್ಡಿ ಹೂ ಚುಚ್ಚಿ, ಒಂಬತ್ತಕ್ಕೆ ಉರುಳಿ, ಒಂಬತ್ತೂವರೆಗೆ ಕಮಲ. ದಾಸವಾಳ, ಪಾರಿಜಾತ ಅಂಗಳದಿಂದ ನೇರ ದೇವರ ಮನೆಗೆ.

ಹೊತ್ತು ಸಾಲದಿದ್ದರೆ ಉರುಳಿ ಬಿಡಿ, ಮೇಜಿನ ಹೂ ಬಿಡಿ. ಬಾಗಿಲು ಮಾತ್ರ ಬಿಡಬೇಡಿ, ಬರುವವರೆಲ್ಲ ಮೊದಲು ನೋಡುವುದು ಅದನ್ನೇ. ಮರುದಿನ ಮಾಲೆ ಬಿಚ್ಚುವಾಗ ದಾರ ಎಳೆದು ಬೇರೆ ಮಾಡಿ, ಹೂವನ್ನು ಗಿಡದ ಬುಡಕ್ಕೆ ಹಾಕಿ. ಚೆಂಡು ಹೂವಿನದು ಎರಡು ಮೂರು ತೆಗೆದು ಒಣಗಲು ಬಿಡಿ. ಎಸಳಿನ ಬುಡದಲ್ಲಿರುವ ಕಪ್ಪು ಕಡ್ಡಿಯಂಥದ್ದೇ ಬೀಜ. ಬಲಿತಿದ್ದರೆ ಕುಂಡದಲ್ಲಿ ಉದುರಿಸಿದ ವಾರದೊಳಗೆ ಮೊಳಕೆ ಕಾಣುತ್ತದೆ.